ಕ್ರಿಕೆಟ್ ಒಲಿಂಪಿಕ್ಸ್‌ನಲ್ಲೇ ಉಳಿದಿದ್ದರೆ? ಪರ್ಯಾಯ ಇತಿಹಾಸ ಕಟ್ಟುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೊದಲ ಸಲ ಇಂಥ ಕಥೆ ಬರೆಯಲು ಕೂತಾಗ ನಾನು 1904ರ ಅಮೆರಿಕದ ಸೇಂಟ್ ಲೂಯಿಸ್ ಕೂಟದಲ್ಲೇ ಭಾರತಕ್ಕೆ ಕ್ರಿಕೆಟ್‌ನ ಒಲಿಂಪಿಕ್ ಚಿನ್ನ ಕೊಟ್ಟುಬಿಟ್ಟಿದ್ದೆ. ರಣಜಿತ್‌ಸಿಂಹಜಿ ಶತಕ ಹೊಡೆದಿದ್ದರು, ಪಾರ್ಸಿ ಬೌಲರ್‌ಗಳು ಇಂಗ್ಲೆಂಡನ್ನು ಉರುಳಿಸಿದ್ದರು, ಬ್ಯಾಂಡು ಬಾರಿಸಿತ್ತು. ಗೆಳೆಯನೊಬ್ಬ ಓದಿ ಒಂದೇ ಪ್ರಶ್ನೆ ಕೇಳಿದ: “ಸೇಂಟ್ ಲೂಯಿಸ್‌ವರೆಗೆ ಹಡಗಿನ ದುಡ್ಡು ಯಾರು ಕೊಟ್ರು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಕಥೆ ಅಲ್ಲೇ ಮಕಾಡೆ ಮಲಗಿತು.

ಆಮೇಲೆ ಎರಡು ಮೂರು ಸಲ ಬರೆದು ಹರಿದ ಮೇಲೆ ಅರ್ಥವಾಯಿತು. ಇಂಥ ಬರವಣಿಗೆಯಲ್ಲಿ ಕಲ್ಪನೆಗೆ ಜಾಗ ಇರುವುದು ಒಂದೇ ಕಡೆ. ಒಂದು ಗಂಟು ಬಿಚ್ಚುತ್ತೀರಿ. ಉಳಿದದ್ದೆಲ್ಲ ಲೆಕ್ಕಾಚಾರ: ರೈಲು, ಹಡಗು, ಮಳೆ, ಸಂಬಳ, ಜಾತಿ, ಕ್ಲಬ್ಬಿನ ನಿಯಮ. ಆ ಲೆಕ್ಕ ಹಾಕುವ ರೀತಿಯನ್ನು ಇಲ್ಲಿ ಹೇಳುತ್ತೇನೆ. ನನ್ನ ಪಕ್ಷಪಾತವನ್ನೂ ಮೊದಲೇ ಹೇಳಿಬಿಡುತ್ತೇನೆ: ಯಾರು ಪದಕ ಗೆದ್ದರು ಅನ್ನುವುದರಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಆಟದ ಹಣೆಬರಹ ಬರೆಯುವ ಮೇಜಿನ ಸುತ್ತ ಯಾರಿಗೆ ಕುರ್ಚಿ ಸಿಕ್ಕಿತು, ನನ್ನ ಕಣ್ಣು ಅದರ ಮೇಲೆ.

ನಡೆದದ್ದನ್ನು ಮೊದಲು ಓದಿ

1896ರ ಅಥೆನ್ಸ್ ಕ್ರೀಡಾಕೂಟದ ಪಟ್ಟಿಯಲ್ಲಿ ಕ್ರಿಕೆಟ್ ಇತ್ತು. ಆಡಲು ಸಾಕಷ್ಟು ತಂಡ ಬರಲಿಲ್ಲ, ಕೈಬಿಟ್ಟರು.

1900ರಲ್ಲಿ ಪ್ಯಾರಿಸ್. ಅಲ್ಲಿನ ಒಲಿಂಪಿಕ್ಸ್ ಒಂದು ದೊಡ್ಡ ವಿಶ್ವ ವಸ್ತುಪ್ರದರ್ಶನದ ಬಾಲವಾಗಿತ್ತು. ಮೇ ತಿಂಗಳಲ್ಲಿ ಶುರುವಾಗಿ ಅಕ್ಟೋಬರ್‌ವರೆಗೆ ಎಳೆಯಿತು. ಕ್ರಿಕೆಟ್‌ಗೆ ನಾಲ್ಕು ತಂಡ ಬರಬೇಕಿತ್ತು. ಬೆಲ್ಜಿಯಂ, ನೆದರ್ಲೆಂಡ್ಸ್ ಹಿಂದೆ ಸರಿದವು. ಉಳಿದದ್ದು ಬ್ರಿಟನ್ ಮತ್ತು ಫ್ರಾನ್ಸ್, ಅಂದರೆ ಒಂದೇ ಪಂದ್ಯ. ಆಗಸ್ಟ್ 19 ಮತ್ತು 20ರಂದು ವ್ಯಾನ್ಸೆನ್ ಸೈಕಲ್ ಟ್ರ್ಯಾಕಿನ ಒಳಗಿನ ಮೈದಾನದಲ್ಲಿ ಆಡಿದರು.

ಬ್ರಿಟನ್ ಅಂದಕೂಡಲೇ ದೊಡ್ಡ ದೊಡ್ಡ ಹೆಸರು ನೆನಪಿಗೆ ಬರುತ್ತದೆ, ಅಲ್ವಾ? ಬಂದಿದ್ದವರು ಡೆವನ್ ಅಂಡ್ ಸಾಮರ್‌ಸೆಟ್ ವಾಂಡರರ್ಸ್ ಎಂಬ ಪ್ರವಾಸಿ ಕ್ಲಬ್ ತಂಡದವರು. ಪ್ರಥಮ ದರ್ಜೆ ಕ್ರಿಕೆಟ್ ಆಡಿದವರು ಅದರಲ್ಲಿ ಇಬ್ಬರೇ: ಮಾಂಟೆಗ್ಯೂ ಟಾಲರ್, ಆಲ್ಫ್ರೆಡ್ ಬೋವರ್‌ಮನ್. ಫ್ರಾನ್ಸ್ ತಂಡದಲ್ಲಿ ಇದ್ದವರಲ್ಲಿ ಹೆಚ್ಚಿನವರು ಪ್ಯಾರಿಸ್‌ನಲ್ಲಿ ನೆಲೆಸಿದ್ದ ಇಂಗ್ಲಿಷರು. ಒಂದೊಂದು ತಂಡಕ್ಕೆ ಹನ್ನೆರಡು ಜನ ಅಂತ ಒಪ್ಪಿಕೊಂಡಿದ್ದರು. ಸ್ಕೋರ್‌ಕಾರ್ಡಿನಲ್ಲಿ ಹನ್ನೊಂದೇ ಸಾಲು. ಹನ್ನೆರಡನೆಯವನ ಹೆಸರಿಗೆ ಅದನ್ನು ಕೈಯಲ್ಲೇ ತಿದ್ದಬೇಕಾಯಿತು. ಈ ತಿದ್ದಿದ ಕಾರ್ಡನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬ್ರಿಟನ್ 117. ಫ್ರಾನ್ಸ್ 78. ಎರಡನೇ ಇನಿಂಗ್ಸ್‌ನಲ್ಲಿ ಬ್ರಿಟನ್ 5 ವಿಕೆಟ್‌ಗೆ 145 ಮಾಡಿ ಡಿಕ್ಲೇರ್ ಮಾಡಿಕೊಂಡಿತು. ಫ್ರಾನ್ಸ್ 26ಕ್ಕೆ ಆಲೌಟ್. ಟಾಲರ್ 9 ರನ್ ಕೊಟ್ಟು 7 ವಿಕೆಟ್ ಕಿತ್ತರು. 158 ರನ್‌ಗಳ ಗೆಲುವು, ಅದೂ ಆಟ ಮುಗಿಯಲು ಐದು ನಿಮಿಷ ಬಾಕಿ ಇದ್ದಾಗ. ಗೆದ್ದವರಿಗೆ ಬೆಳ್ಳಿ ಪದಕ, ಸೋತವರಿಗೆ ಕಂಚು, ಇಬ್ಬರಿಗೂ ಪುಟ್ಟ ಐಫೆಲ್ ಗೋಪುರದ ಪ್ರತಿಮೆ. ಇದು ಒಲಿಂಪಿಕ್ ಪಂದ್ಯ ಅಂತ ಅಧಿಕೃತವಾಗಿ ಲೆಕ್ಕಕ್ಕೆ ಬಂದದ್ದು 1912ರಲ್ಲಿ. ಬೆಳ್ಳಿ ಚಿನ್ನವಾದದ್ದು, ಕಂಚು ಬೆಳ್ಳಿಯಾದದ್ದು ಆಮೇಲೆ, ಕಾಗದದ ಮೇಲೆ.

158 ಅನ್ನುವ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

ಒಂದು ನೋಟ್‌ಬುಕ್, ನಡುವೆ ಒಂದು ಗೆರೆ

ಕಂಪ್ಯೂಟರ್ ಇದ್ದರೂ ನಾನು ಇದಕ್ಕೆ ಉದ್ದ ನೋಟ್‌ಬುಕ್ಕೇ ಬಳಸುತ್ತೇನೆ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ನಡೆದದ್ದು’, ಬಲಕ್ಕೆ ‘ನಡೆಯಬಹುದಿತ್ತು’. ನಿಯಮ ಒಂದೇ: ಬಲಗಡೆ ಒಂದು ಸಾಲು ಬರೆಯಬೇಕಾದರೆ ಎಡಗಡೆ ಅದಕ್ಕೆ ಆಧಾರವಾದ ಒಂದು ಸಾಲಾದರೂ ಇರಬೇಕು. “ಅಮೆರಿಕ ತಂಡ ಲಾರ್ಡ್ಸ್‌ನಲ್ಲಿ ಆಡಿತು” ಅಂತ ಬಲಕ್ಕೆ ಬರೆದರೆ, ಆ ತಂಡ ಆಗ ಎಲ್ಲಿತ್ತು ಅನ್ನುವುದು ಎಡಕ್ಕೆ ಇರಲೇಬೇಕು. ನನ್ನ 1904ರ ಕಥೆಯ ಎಡಗಡೆ ಪೂರ್ತಿ ಖಾಲಿ ಇತ್ತು. ಬಿದ್ದದ್ದು ಅದಕ್ಕೇ.

ಗಂಟು ಎಲ್ಲಿ ಬಿಚ್ಚಬೇಕು

ಮೊದಲು ಮನಸ್ಸು ಹೋಗುವುದು ಆ ಐದು ನಿಮಿಷಕ್ಕೆ. ಫ್ರಾನ್ಸಿನ ಕೊನೆಯ ಜೋಡಿ ಇನ್ನೊಂದು ಓವರ್ ಕಾಯ್ದುಕೊಂಡು ಪಂದ್ಯ ಡ್ರಾ ಆಗಿದ್ದರೆ? ನಾನೂ ಇದಕ್ಕೆ ಮರುಳಾಗಿದ್ದೆ. ಕೂತು ಯೋಚಿಸಿದರೆ ಏನೂ ಬದಲಾಗುವುದಿಲ್ಲ. ಹೆಚ್ಚು ಜನ ನೋಡದ ಪಂದ್ಯ ಗೆದ್ದರೇನು, ಡ್ರಾ ಆದರೇನು. ರೋಚಕ ಕ್ಷಣ ಬೇರೆ, ಇತಿಹಾಸ ತಿರುಗುವ ಕ್ಷಣ ಬೇರೆ. ಹೊಸಬರು ಜಾಸ್ತಿ ಎಡವುವುದು ಇಲ್ಲೇ.

ಡಚ್ಚರು, ಬೆಲ್ಜಿಯನ್ನರು ಪ್ಯಾರಿಸ್‌ಗೆ ಬಂದಿದ್ದರೆ? ಸ್ವಲ್ಪ ವಾಸಿ. ನೆದರ್ಲೆಂಡ್ಸ್‌ನಲ್ಲಿ 1883ರಿಂದಲೇ ಕ್ರಿಕೆಟ್ ಸಂಘ ಇತ್ತು. ಆದರೂ ನಾಲ್ಕು ತಂಡದ ಟೂರ್ನಿಯೂ ವಸ್ತುಪ್ರದರ್ಶನದ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. 1904ರ ಸೇಂಟ್ ಲೂಯಿಸ್ ಅಂತೂ ಬೇಡ. ಅಲ್ಲಿ ಆಡಿದವರಲ್ಲಿ ಹೆಚ್ಚಿನವರು ಅಮೆರಿಕದವರೇ, ಯುರೋಪಿನಿಂದಲೇ ಜನ ಸರಿಯಾಗಿ ಬರಲಿಲ್ಲ.

ನನ್ನ ಆಯ್ಕೆ 1908ರ ಲಂಡನ್. ಕಾರಣ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಇಡೀ ಕಟ್ಟಡ ನಿಲ್ಲುವುದು ಇದರ ಮೇಲೆ.

ಆ ವರ್ಷದ ಕ್ರೀಡಾಕೂಟ ರೋಮ್‌ನಲ್ಲಿ ಆಗಬೇಕಿತ್ತು. ಇಟಲಿ ಕೈಚೆಲ್ಲಿದ್ದರಿಂದ ಲಂಡನ್‌ಗೆ ಬಂತು. ವೈಟ್ ಸಿಟಿ ಸ್ಟೇಡಿಯಂನ ಮುಖ್ಯ ಸ್ಪರ್ಧೆಗಳು ಜುಲೈ ಮಧ್ಯದಲ್ಲಿ. ಅದೇ ಬೇಸಿಗೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ತಂಡ ಕೌಂಟಿಗಳ (ಅಲ್ಲಿನ ಜಿಲ್ಲಾ ತಂಡಗಳ) ವಿರುದ್ಧ ಆಡಲು ಇಂಗ್ಲೆಂಡಿಗೆ ಬಂದಿತ್ತು. ಟಿಕೆಟ್ ಕೊಂಡಾಗಿತ್ತು, ಹಡಗು ಇಳಿದಾಗಿತ್ತು. ಅವರ ಬೌಲರ್ ಬಾರ್ಟ್ ಕಿಂಗ್ ಚಿಕ್ಕಂದಿನಲ್ಲಿ ಬೇಸ್‌ಬಾಲ್ ಆಡಿ ಬೆಳೆದವರು. ಆ ಕೈಚಳಕದಿಂದಲೇ ಚೆಂಡನ್ನು ಕೊನೇ ಗಳಿಗೆಯಲ್ಲಿ ತಿರುಗಿಸುತ್ತಿದ್ದರು. ಆ ಎಸೆತಕ್ಕೆ ‘ಆಂಗ್ಲರ್’ ಅಂತ ಹೆಸರು. ಆ ಪ್ರವಾಸದಲ್ಲಿ 11.01ರ ಸರಾಸರಿಯಲ್ಲಿ 87 ವಿಕೆಟ್ ತೆಗೆದು ಇಂಗ್ಲೆಂಡಿನ ಬೌಲಿಂಗ್ ಸರಾಸರಿ ಪಟ್ಟಿಯಲ್ಲೇ ಮೊದಲ ಸ್ಥಾನಕ್ಕೆ ಬಂದರು. ಅದನ್ನು ಮೀರಿಸಲು ಇಂಗ್ಲೆಂಡಿನಲ್ಲಿ 1958ರವರೆಗೆ ಕಾಯಬೇಕಾಯಿತು. ಸುಮ್ನೆ ನೋಡಿಕೊಂಡು ಹೋಗಲು ಬಂದ ತಂಡ ಅದಲ್ಲ.

ಹಾಗಾದರೆ ಪ್ರವಾಸಿ ತಂಡವೊಂದನ್ನು ಹಿಡಿದು ಒಲಿಂಪಿಕ್ಸ್‌ಗೆ ಸೇರಿಸಿಕೊಳ್ಳುವುದು ಸಾಧ್ಯವಿತ್ತೇ? ಎಡಗಡೆ ಕಾಲಂ ನೋಡಿ. ಅದೇ 1908ರ ಅಕ್ಟೋಬರ್ 26ರಂದು ವೈಟ್ ಸಿಟಿಯಲ್ಲಿ ರಗ್ಬಿ ಚಿನ್ನಕ್ಕೆ ಒಂದೇ ಪಂದ್ಯ ನಡೆಯಿತು. ಬ್ರಿಟನ್ನಿನ ಕೌಂಟಿ ಪ್ರವಾಸಕ್ಕೆಂದು ಬಂದಿದ್ದ ಆಸ್ಟ್ರೇಲಿಯಾ ತಂಡವನ್ನೇ ‘ಆಸ್ಟ್ರಲೇಷ್ಯಾ’ ಅಂತ ಇಳಿಸಿದರು. ಎದುರಿಗೆ ಕೌಂಟಿ ಚಾಂಪಿಯನ್ ಕಾರ್ನ್‌ವಾಲ್. ಪ್ರವಾಸಿಗಳು 32-3ರಿಂದ ಗೆದ್ದು ಚಿನ್ನ ತಗೊಂಡು ಹೋದರು. ರಗ್ಬಿಗೆ ಮಾಡಿದ್ದನ್ನು ಕ್ರಿಕೆಟ್‌ಗೂ ಮಾಡಲು ಬೇಕಿದ್ದದ್ದು ಒಂದು ಪತ್ರ ಮಾತ್ರ.

ಪತ್ರ ಬರೆಯುವವರೂ ಇದ್ದರು. ಕ್ರೀಡಾಕೂಟದ ಹೊಣೆ ಹೊತ್ತಿದ್ದ ಲಾರ್ಡ್ ಡೆಸ್‌ಬರೋ ಮುಂದೆ 1911ರಲ್ಲಿ ಲಾರ್ಡ್ಸ್ ಮೈದಾನದ ಒಡೆಯರಾದ ಎಂಸಿಸಿ ಕ್ಲಬ್ಬಿನ ಅಧ್ಯಕ್ಷರಾದರು. ಎರಡೂ ಕಡೆ ಓಡಾಡುವ ಮನುಷ್ಯ. ಬಲಗಡೆ ಕಾಲಂನಲ್ಲಿ ನಾನು ಬರೆದ ಮೊದಲ ಸಾಲು ಇಷ್ಟೇ: “1908ರ ವಸಂತ. ಒಂದು ಪತ್ರ ಹೋಗುತ್ತದೆ.” ಗಂಟು ಎಷ್ಟು ಚಿಕ್ಕದೋ ಕಥೆ ಅಷ್ಟು ಗಟ್ಟಿ.

ಆಕ್ಷೇಪವನ್ನು ನೀವೇ ಎತ್ತಿ

ಓದುವವರು ಮೊದಲು ಕೇಳುವುದು: ಆಡುವ ದೇಶಗಳೇ ಇಲ್ಲದ ಆಟವನ್ನು ಒಲಿಂಪಿಕ್ಸ್‌ನಲ್ಲಿ ಯಾರು ಇಡುತ್ತಾರೆ? ಅವರಿಗೆ 1908ರ ಪಟ್ಟಿ ತೋರಿಸಿ. ರಾಕೆಟ್ಸ್ ಎಂಬ ಗೋಡೆಯಾಟದಲ್ಲಿ ಆಡಿದವರೆಲ್ಲ ಬ್ರಿಟಿಷರು. ಪೋಲೊದಲ್ಲಿ ಮೂರು ತಂಡ, ಮೂರೂ ಬ್ರಿಟನ್ ಲೆಕ್ಕದವು. ಹಗ್ಗಜಗ್ಗಾಟದ ಮೂರೂ ಪದಕ ಬ್ರಿಟಿಷ್ ಪೊಲೀಸರಿಗೆ: ಲಂಡನ್ ಸಿಟಿ ಪೊಲೀಸ್, ಲಿವರ್‌ಪೂಲ್ ಪೊಲೀಸ್, ಮೆಟ್ರೊಪಾಲಿಟನ್ ಪೊಲೀಸ್. ಇದೆಲ್ಲ ಇಟ್ಟುಕೊಂಡವರು ಅಮೆರಿಕ, ಬ್ರಿಟನ್, ಜೊತೆಗೊಂದು ಐರ್ಲೆಂಡ್ ಇದ್ದ ಕ್ರಿಕೆಟ್‌ಗೆ ಬೇಡ ಅನ್ನುತ್ತಿದ್ದರೇ? ಐರ್ಲೆಂಡ್ ಹೇಗೂ ಆ ವರ್ಷ ಹಾಕಿಯಲ್ಲಿ ತನ್ನದೇ ತಂಡ ಇಳಿಸಿತ್ತು.

ಮೈದಾನದ ಚಿಂತೆಯೂ ಬೇಡ. ಟೆನಿಸ್ ವಿಂಬಲ್ಡನ್‌ನಲ್ಲಿ, ದೋಣಿ ಓಟ ಹೆನ್ಲಿಯಲ್ಲಿ ನಡೆದಿತ್ತು. ಕ್ರಿಕೆಟ್‌ಗೆ ಲಾರ್ಡ್ಸ್ ಇತ್ತು, ಓವಲ್ ಇತ್ತು.

ಅಮೆಚೂರ್ ಜರಡಿ

ಇದು ಕಷ್ಟದ ಭಾಗ. ಕಥೆಗೆ ರಕ್ತ ಮಾಂಸ ತುಂಬುವುದೂ ಇದೇ.

ಆ ಕಾಲದ ಒಲಿಂಪಿಕ್ಸ್‌ಗೆ ಆಟದಿಂದ ದುಡ್ಡು ಮಾಡಿದವರು ಬರುವಂತಿರಲಿಲ್ಲ, ಹವ್ಯಾಸಕ್ಕೆ ಆಡುವ ‘ಅಮೆಚೂರ್’ಗಳಿಗೆ ಮಾತ್ರ ಬಾಗಿಲು. ಅಮೆರಿಕದ ಜಿಮ್ ಥಾರ್ಪ್ 1912ರಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡೂ ಗೆದ್ದರು. ಹಿಂದೊಮ್ಮೆ ಪುಡಿಗಾಸಿಗೆ ಬೇಸ್‌ಬಾಲ್ ಆಡಿದ್ದು ಗೊತ್ತಾಗಿ 1913ರಲ್ಲಿ ಪದಕ ಕಿತ್ತುಕೊಂಡರು. ಇಂಗ್ಲೆಂಡಿನ ದೋಣಿ ಓಟದ ಸಂಘವಂತೂ ಕೂಲಿಕಾರರನ್ನು, ಕುಶಲಕರ್ಮಿಗಳನ್ನು ಅಮೆಚೂರ್ ಅಂತ ಒಪ್ಪುತ್ತಲೇ ಇರಲಿಲ್ಲ.

ಈ ಜರಡಿಯಲ್ಲಿ ಇಂಗ್ಲೆಂಡ್ ಕ್ರಿಕೆಟನ್ನು ಹಾಕಿ ಅಲ್ಲಾಡಿಸಿ ನೋಡಿ. ಜ್ಯಾಕ್ ಹಾಬ್ಸ್ ಕೆಳಗೆ ಬಿದ್ದರು. ವಿಲ್ಫ್ರೆಡ್ ರೋಡ್ಸ್, ಸಿಡ್ನಿ ಬಾರ್ನ್ಸ್ ಬಿದ್ದರು. ಎಲ್ಲರೂ ಸಂಬಳದ ಆಟಗಾರರು. ರಗ್ಬಿಯಂತೆ ಕೌಂಟಿ ಚಾಂಪಿಯನ್ನರನ್ನೇ ಕಳಿಸೋಣ ಅಂದರೆ 1907ರ ಚಾಂಪಿಯನ್ ನಾಟಿಂಗ್‌ಹ್ಯಾಮ್‌ಶೈರ್. ಅವರಿಗೆ ಕಪ್ ಗೆದ್ದುಕೊಟ್ಟ ಬೌಲರ್‌ಗಳಾದ ಹ್ಯಾಲಮ್, ವಾಸ್ ಇಬ್ಬರೂ ವೃತ್ತಿಪರರು. ಜರಡಿ ಮೇಲೆ ಉಳಿಯುವವರು ಸಿ.ಬಿ. ಫ್ರೈ, ಗಿಲ್ಬರ್ಟ್ ಜೆಸಪ್, ಪೆಲ್ಹ್ಯಾಮ್ ವಾರ್ನರ್ ಥರದ ‘ಜಂಟಲ್‌ಮನ್’ಗಳು. ಬ್ಯಾಟಿಂಗ್ ಚೆನ್ನ, ಬೌಲಿಂಗ್ ಬಡವು. ಎದುರಿಗೆ ಪೂರ್ತಿ ಅಮೆಚೂರ್ ತಂಡ ಫಿಲಡೆಲ್ಫಿಯಾ, ಜೊತೆಗೆ ಬಾರ್ಟ್ ಕಿಂಗ್. ಪಂದ್ಯ ಒಮ್ಮೆಲೇ ಸರಿಸಮ ಆಯಿತು ನೋಡಿ. ನಾವೇನೂ ಮೋಸ ಮಾಡಲಿಲ್ಲ, ಆ ಕಾಲದ ನಿಯಮವೇ ಮಾಡಿಕೊಟ್ಟಿತು.

ಈ ತಂಡಕ್ಕೆ ಜಾನಿ ಡಗ್ಲಸ್ ಅವರನ್ನು ಸೇರಿಸಲು ಮರೆಯಬೇಡಿ. ಮುಂದೆ ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕರಾದ ಇವರು 1908ರ ಒಲಿಂಪಿಕ್ಸ್‌ನಲ್ಲೇ ಮಿಡಲ್‌ವೇಟ್ ಬಾಕ್ಸಿಂಗ್ ಚಿನ್ನ ಗೆದ್ದವರು. ನಿಮ್ಮ ಕಥೆಯಲ್ಲಿ ಒಂದೇ ಕೂಟದಲ್ಲಿ ಎರಡು ಪದಕ.

ಈಗ ಇದೇ ಜರಡಿಯನ್ನು ನಮ್ಮ ಕಡೆ ತನ್ನಿ. ಪಾಲ್ವಂಕರ್ ಬಾಳೂ ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ದಲಿತ ಕುಟುಂಬ. ಪುಣೆಯ ಕ್ಲಬ್‌ಗಳಲ್ಲಿ ತಿಂಗಳಿಗೆ ಮೂರ್ನಾಲ್ಕು ರೂಪಾಯಿಗೆ ಪಿಚ್ ಗುಡಿಸಿ, ರೋಲರ್ ಎಳೆದು, ನೆಟ್ ಕಟ್ಟಿ, ಇಂಗ್ಲಿಷ್ ಅಧಿಕಾರಿಗಳ ಅಭ್ಯಾಸಕ್ಕೆ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕಿದವರು. ಹಾಗೆ ಹಾಕಿ ಹಾಕಿಯೇ ದೊಡ್ಡ ಬೌಲರ್ ಆದರು. ಹಿಂದೂ ಕ್ಲಬ್ಬಿನವರು ಆಡಿಸಿಕೊಂಡರೂ ಟೀ ಹೊತ್ತಿಗೆ ಅವರಿಗೆ ಹೊರಗೆ, ಬೇರೆ ಮಣ್ಣಿನ ಲೋಟ. 1911ರಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು ಅವರೊಬ್ಬರೇ. ಆ ತಂಡದ ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು 19.

ಒಲಿಂಪಿಕ್ ಸಮಿತಿಯ ಮುಂದೆ ಈ ಇಬ್ಬರ ಅರ್ಜಿ ಬಂತು ಅಂದುಕೊಳ್ಳಿ. ಮಹಾರಾಜರದ್ದು ಕಣ್ಣು ಮುಚ್ಚಿ ಪಾಸು. ಬಾಳೂ? ನೆಟ್‌ನಲ್ಲಿ ಬೌಲಿಂಗ್ ಮಾಡಿ ಸಂಬಳ ತಗೊಂಡವರು. ವೃತ್ತಿಪರ. ಅನರ್ಹ.

ಒಲಿಂಪಿಕ್ಸ್‌ಗೆ ಹೋಗಿದ್ದರೆ ಭಾರತದ ಕ್ರಿಕೆಟ್ ಬೇಗ ಮೇಲೆ ಬರುತ್ತಿತ್ತು ಅಂತ ಬರೆಯುವವರು ಈ ಒಂದು ಸಾಲಿನ ಮುಂದೆ ನಿಲ್ಲಬೇಕು. ಮೇಲೆ ಬರುತ್ತಿದ್ದವರು ಯಾರು? ನಿಜ ಜಗತ್ತಿನಲ್ಲಿ 1911ರ ಹಡಗು ಹತ್ತಿದ ಬಾಳೂ ನಿಮ್ಮ ಜಗತ್ತಿನಲ್ಲಿ ಪುಣೆಯಲ್ಲೇ ಉಳಿಯಬಹುದು. ಪರ್ಯಾಯ ಇತಿಹಾಸದಲ್ಲಿ ಏನೋ ಒಂದು ಸಿಕ್ಕರೆ ಇನ್ನೊಂದು ಕೈತಪ್ಪುತ್ತದೆ. ಕೈತಪ್ಪಿದ್ದನ್ನೂ ಬರೆಯಿರಿ.

ದಿನಗಳ ಲೆಕ್ಕ

“ಕ್ರಿಕೆಟ್ ದಿನಗಟ್ಟಲೆ ಆಡುವ ಆಟ, ಒಲಿಂಪಿಕ್ಸ್‌ಗೆ ಹೊಂದಲ್ಲ” ಅಂತ ಎಲ್ಲರೂ ಹೇಳುತ್ತಾರೆ. 1908ರ ಕೂಟ ಏಪ್ರಿಲ್ 27ರಿಂದ ಅಕ್ಟೋಬರ್ 31ರವರೆಗೆ ನಡೆದಿತ್ತು! ಅದರಲ್ಲಿ ಏಳು ದಿನ ಸಿಗುತ್ತಿರಲಿಲ್ಲವೇ? ಇನ್ನೊಂದು ತಂಡ ಸೇರಿ ನಾಲ್ಕಾದರೂ ಎರಡು ಮೈದಾನ, ಮೂರು ದಿನದ ಪಂದ್ಯ ಸಾಕು. ಸೆಮಿಫೈನಲ್ ಎರಡೂ ಒಟ್ಟಿಗೆ, ನಡುವೆ ಒಂದು ಭಾನುವಾರ ಬಿಡುವು, ಆಮೇಲೆ ಫೈನಲ್. ಪ್ಯಾರಿಸ್‌ನ ಪಂದ್ಯ ಶುರುವಾದದ್ದು ಭಾನುವಾರ. ಲಂಡನ್‌ನಲ್ಲಿ ಮಾತ್ರ ಆ ಕಾಲಕ್ಕೆ ಭಾನುವಾರ ಕ್ರಿಕೆಟ್ ಅಂದರೆ ಕೇಳಬಾರದ ಮಾತು.

ಮಳೆ ಬಂದು ಡ್ರಾ ಆದರೆ ಯಾರು ಮುಂದೆ? ಮೊದಲ ಇನಿಂಗ್ಸ್ ಮುನ್ನಡೆ ಅಂತ ಇಡಿ. ನಮ್ಮ ರಣಜಿ ನಾಕೌಟ್‌ನಲ್ಲಿ ಇವತ್ತಿಗೂ ನಡೆಯುವ ಉಪಾಯ. ಬೇಕಿದ್ದರೆ ಹನ್ನೆರಡು ಆಟಗಾರರನ್ನೂ ಉಳಿಸಿಕೊಳ್ಳಿ. ಪ್ಯಾರಿಸ್‌ನ ಆ ಕಾರ್ಡು ನಿಮ್ಮ ಜಗತ್ತಿನಲ್ಲಿ ನಿಯಮವೇ ಆಗಿ, ಒಲಿಂಪಿಕ್ ಕ್ರಿಕೆಟ್ ಅಂದರೆ ಹನ್ನೆರಡು ಜನ ಅಂತ ಆಗಬಹುದು. ಇಂಥ ಸಣ್ಣ ವ್ಯತ್ಯಾಸ ಓದುಗರಿಗೆ ಬಹಳ ಇಷ್ಟ.

ಸಮಯ ನಿಜವಾಗಿ ಬಿಗಿಯಾಗುವುದು 1932ರಲ್ಲಿ. ಲಾಸ್ ಏಂಜಲೀಸ್‌ನವರು ಇಡೀ ಕೂಟವನ್ನು 16 ದಿನಕ್ಕೆ ಇಳಿಸಿದರು. ಆ ವರ್ಷಕ್ಕೆ ನಿಮ್ಮ ಕ್ರಿಕೆಟ್ ಒಂದು ದಿನದ ಆಟ ಆಗಬೇಕು, ಇಲ್ಲವೇ ಸಾಯಬೇಕು. ಅಂದರೆ ನಿಗದಿತ ಓವರ್‌ಗಳ ಕ್ರಿಕೆಟ್ ನಿಮ್ಮ ಜಗತ್ತಿನಲ್ಲಿ ಮೂವತ್ತು ವರ್ಷ ಮೊದಲೇ ಹುಟ್ಟುತ್ತದೆ. ನಿಜದಲ್ಲಿ ಕೌಂಟಿಗಳು ಅದಕ್ಕೆ ಕೈಹಾಕಿದ್ದು 1960ರ ದಶಕದಲ್ಲಿ, ಗೇಟಿನ ಕಲೆಕ್ಷನ್ ಕುಸಿದ ಮೇಲೆ.

1909ರ ಮೇಜು

ದಕ್ಷಿಣ ಆಫ್ರಿಕಾದ ಗಣಿ ಶ್ರೀಮಂತ ಏಬ್ ಬೇಲಿ ಒತ್ತಾಯಿಸಿದ ಮೇಲೆ 1909ರ ಜೂನ್ 15ರಂದು ಲಾರ್ಡ್ಸ್‌ನಲ್ಲಿ ಒಂದು ಸಭೆ ಕೂತಿತು. ಇಂಗ್ಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಮೂವರೇ. ಹುಟ್ಟಿದ್ದು ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್. ಹೆಸರೇ ಹೇಳುವಂತೆ ಸಾಮ್ರಾಜ್ಯದ ಒಳಗಿನವರಿಗೆ ಮಾತ್ರ ಬಾಗಿಲು. ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ಬ್ಯಾಟ್ಸ್‌ಮನ್‌ಗಳನ್ನು ಕಾಡಿಹೋದ ಬಾರ್ಟ್ ಕಿಂಗ್ ಅವರ ದೇಶಕ್ಕೆ ಅಲ್ಲಿ ಕುರ್ಚಿ ಇಲ್ಲ. 1844ರಲ್ಲೇ ನ್ಯೂಯಾರ್ಕ್‌ನಲ್ಲಿ ಕೆನಡಾ ಜೊತೆ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ ದೇಶ ಅದು. ‘ಇಂಪೀರಿಯಲ್’ ಹೋಗಿ ‘ಇಂಟರ್‌ನ್ಯಾಷನಲ್’ ಆಗಿ, ಅಮೆರಿಕಕ್ಕೆ ಸಹ ಸದಸ್ಯತ್ವ ಸಿಕ್ಕಿದ್ದು 1965ರಲ್ಲಿ. ಐವತ್ತಾರು ವರ್ಷ!

ನಿಮ್ಮ ಜಗತ್ತಿನಲ್ಲಿ ಈ ಸಭೆಗೆ ಮುಂಚೆ ಲಾರ್ಡ್ಸ್‌ನಲ್ಲಿ ಒಲಿಂಪಿಕ್ ಫೈನಲ್ ನಡೆದಿದೆ. ಅಮೆರಿಕ ಗೆದ್ದಿತೋ ಸೋತಿತೋ ಬಿಡಿ. ಪದಕ ಪಡೆದ ದೇಶವನ್ನು ಮರುವರ್ಷ ಹೊರಗಿಟ್ಟು ಸಭೆ ನಡೆಸುವುದು ಸ್ವಲ್ಪ ಮುಜುಗರ. ಮುಜುಗರವೂ ಇತಿಹಾಸದಲ್ಲಿ ಒಂದು ಬಲ. ಆದರೂ ಏಬ್ ಬೇಲಿಯಂಥವರು ಸುಮ್ಮನೆ ಬಿಟ್ಟುಕೊಡುವುದಿಲ್ಲ. ನಾನು ಬರೆದದ್ದು ಹೀಗೆ: ಎರಡು ಸಂಸ್ಥೆ ಹುಟ್ಟುತ್ತವೆ. ಟೆಸ್ಟ್ ಪಂದ್ಯಗಳಿಗೆ ಸಾಮ್ರಾಜ್ಯದ ಸಂಸ್ಥೆ, ಒಲಿಂಪಿಕ್ಸ್‌ಗೆ ಬೇರೆ. ಮುಂದಿನ ಐವತ್ತು ವರ್ಷ ಇವೆರಡರ ಜಗಳ. ನಿಮಗೆ ಬೇರೆ ದಾರಿ ಕಂಡರೆ ಅದನ್ನೇ ಹಿಡಿಯಿರಿ, ಈ ಸಭೆಯನ್ನು ಮಾತ್ರ ದಾಟಿಕೊಂಡು ಹೋಗಬೇಡಿ.

ಎರಡು ಕನ್ನಡಿ: ರಗ್ಬಿ ಮತ್ತು ಹಾಕಿ

ಈಗ ನಾಲ್ಕು ನಾಲ್ಕು ವರ್ಷ ಮುಂದೆ ಹೋಗಿ. ಹೋಗುವಾಗ ಪಕ್ಕದಲ್ಲಿ ನಿಜವಾಗಿ ಒಲಿಂಪಿಕ್ಸ್‌ನಲ್ಲಿದ್ದ ಎರಡು ಆಟ ಇಟ್ಟುಕೊಳ್ಳಿ.

ರಗ್ಬಿಯಲ್ಲಿ ಅಮೆರಿಕ 1920, 1924 ಎರಡೂ ಸಲ ಚಿನ್ನ ಗೆದ್ದಿತು. ಪ್ಯಾರಿಸ್‌ನ 1924ರ ಫೈನಲ್‌ನಲ್ಲಿ ಫ್ರಾನ್ಸನ್ನು 17-3ರಿಂದ ಸೋಲಿಸಿದಾಗ ಪ್ರೇಕ್ಷಕರು ಹೊಡೆದಾಟಕ್ಕೇ ಇಳಿದರು. ಆಮೇಲೆ ರಗ್ಬಿ ಒಲಿಂಪಿಕ್ಸ್‌ನಿಂದ ಹೋಯಿತು. ಎರಡು ಚಿನ್ನ ಬಂದರೂ ಅಮೆರಿಕದಲ್ಲಿ ರಗ್ಬಿ ಊರೂರಿಗೆ ಹಬ್ಬಲಿಲ್ಲ. ಹಾಗಾಗಿ ಒಲಿಂಪಿಕ್ಸ್ ಬಂದಿದ್ದರೆ ಫಿಲಡೆಲ್ಫಿಯಾದ ಕ್ರಿಕೆಟ್ ಉಳಿದುಬಿಡುತ್ತಿತ್ತು ಅಂತ ನಾನು ಬರೆಯಲಾರೆ. ಅಲ್ಲಿನ ಕ್ಲಬ್‌ಗಳ ಹುಲ್ಲನ್ನು ಟೆನಿಸ್, ಗಾಲ್ಫ್ ನುಂಗಿದವು, ಹುಡುಗರನ್ನು ಬೇಸ್‌ಬಾಲ್ ಎಳೆದುಕೊಂಡಿತು. ಹೆಚ್ಚೆಂದರೆ ಹತ್ತು ಹದಿನೈದು ವರ್ಷ ಆಯಸ್ಸು ಹೆಚ್ಚುತ್ತಿತ್ತು.

ಹಾಕಿಯ ಕಥೆ ಬೇರೆ. 1924ರಲ್ಲಿ ಜಾಗತಿಕ ಸಂಸ್ಥೆ ಇಲ್ಲ ಅನ್ನುವ ಕಾರಣಕ್ಕೆ ಹೊರಗುಳಿಯಿತು. ಅದೇ ವರ್ಷ ಪ್ಯಾರಿಸ್‌ನಲ್ಲಿ ಸಂಸ್ಥೆ ಕಟ್ಟಿಕೊಂಡು 1928ಕ್ಕೆ ವಾಪಸ್ ಬಂತು, ಬಂದ ಕೂಡಲೇ ಭಾರತ ಚಿನ್ನ ಹೊಡೆಯಿತು. ಒಂದು ವಿಷಯ ಗಮನಿಸಿ: 1928ರಲ್ಲಿ ಬ್ರಿಟನ್ ಹಾಕಿ ಆಡಲು ಬರಲೇ ಇಲ್ಲ. ಭಾರತ ಮತ್ತು ಬ್ರಿಟನ್ ಒಲಿಂಪಿಕ್ ಹಾಕಿಯಲ್ಲಿ ಎದುರಾದದ್ದು 1948ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ. ಲಂಡನ್‌ನಲ್ಲೇ 4-0ರಿಂದ ಗೆದ್ದೆವು. ನಿಮ್ಮ ಜಗತ್ತಿನ ಕ್ರಿಕೆಟ್‌ನಲ್ಲಿ ಬ್ರಿಟನ್ ತನ್ನ ವಸಾಹತಿನ ಎದುರು ಆಡಲು ಒಪ್ಪುತ್ತದೆಯೇ? ಉತ್ತರವನ್ನು ಸುಲಭಕ್ಕೆ ಹೌದು ಅಂತ ಬರೆಯಬೇಡಿ.

ನಡುವಿನ ವರ್ಷಗಳಲ್ಲಿ ಜಾಸ್ತಿ ನಿಲ್ಲಬೇಕಾಗಿಲ್ಲ. 1912ರಲ್ಲಿ ಸ್ವೀಡನ್‌ನವರು ಬಾಕ್ಸಿಂಗನ್ನೇ ಬಿಟ್ಟವರು, ಕ್ರಿಕೆಟ್ ಇಡುವುದಿಲ್ಲ. ಆ ಬೇಸಿಗೆ ಇಂಗ್ಲೆಂಡಿನಲ್ಲಿ ಮೂರು ದೇಶಗಳ ಟೆಸ್ಟ್ ಟೂರ್ನಿ ಮಳೆಯಲ್ಲಿ ನೆನೆದುಹೋಯಿತು. ಅದನ್ನು ಹಾಗೇ ಬಿಡಿ. 1916 ಯುದ್ಧದ ವರ್ಷ, ಒಲಿಂಪಿಕ್ಸೇ ಇಲ್ಲ.

ಭಾರತ ಯಾವಾಗ ಬರುತ್ತದೆ

ಹಡಗಿನ ದುಡ್ಡಿನ ಪ್ರಶ್ನೆಗೆ ಇಲ್ಲಿ ಉತ್ತರ ಇದೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡ ಹೊರಟಿತು, ಹಿಂದೆ ನಿಂತವರು ದೊರಾಬ್ಜಿ ಟಾಟಾ. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು, ಮ್ಯಾರಥಾನ್‌ನಲ್ಲಿ 19ನೆಯವರಾಗಿ ಬಂದರು. ಇದಕ್ಕಿಂತ ಮುಂಚೆ ಭಾರತದ ಕ್ರಿಕೆಟ್ ತಂಡವನ್ನು ಒಲಿಂಪಿಕ್ಸ್‌ಗೆ ಕಳಿಸಬೇಡಿ. 1920ರಲ್ಲಿ ಬಾಳೂಗೆ 44 ವರ್ಷ. ಅವರ ತಮ್ಮ ವಿಠ್ಠಲ ಇದ್ದಾರೆ, 1923ರಲ್ಲಿ ಬಾಂಬೆಯ ಧರ್ಮವಾರು ಟೂರ್ನಿಯ ಹಿಂದೂ ತಂಡದ ನಾಯಕರಾದವರು. ಆಂಟ್‌ವರ್ಪ್‌ನಲ್ಲಿ ಚೌಗುಲೆ ಓಟ ಮುಗಿಸಿ ಬಂದು ವಿಠ್ಠಲರ ಆಟ ನೋಡುವುದು ನನ್ನ ಮೆಚ್ಚಿನ ಪುಟ. ಧಾರವಾಡದಲ್ಲಿ ಹುಟ್ಟಿದವರ ತಮ್ಮ, ಬೆಳಗಾವಿಯ ಓಟಗಾರ, ಬೆಲ್ಜಿಯಂನ ಬಿಸಿಲು.

ಆದರೆ ಕಥೆಯ ಶಿಖರ 1932. ಆ ವರ್ಷದ ಎಡಗಡೆ ಕಾಲಂ ತುಂಬಿ ತುಳುಕುತ್ತದೆ. ಜೂನ್ 25ರಂದು ಲಾರ್ಡ್ಸ್‌ನಲ್ಲಿ ಸಿ.ಕೆ. ನಾಯ್ಡು ನಾಯಕತ್ವದಲ್ಲಿ ಭಾರತದ ಮೊದಲ ಟೆಸ್ಟ್. ಸೋಲಿನ ಅಂತರ ಎಷ್ಟು ಗೊತ್ತಾ? 158 ರನ್. ಪ್ಯಾರಿಸ್‌ನಲ್ಲಿ ಫ್ರಾನ್ಸ್ ಸೋತಷ್ಟೇ. ಇದನ್ನು ನಾನೇ ಕಟ್ಟಿ ಬರೆದಿದ್ದರೆ ಗೆಳೆಯ ನಕ್ಕುಬಿಡುತ್ತಿದ್ದ. ಜುಲೈ 30ರಿಂದ ಆಗಸ್ಟ್ 14ರವರೆಗೆ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಅಲ್ಲಿ ಫುಟ್ಬಾಲ್ ಇರಲಿಲ್ಲ. ಹಾಕಿಯಲ್ಲಿ ಮೂರೇ ತಂಡ. ನಮ್ಮವರು ಅಮೆರಿಕವನ್ನು 24-1ರಿಂದ ಚಚ್ಚಿದರು. ಅದೇ ವರ್ಷ ಆ ಊರಲ್ಲಿ ಇಂಗ್ಲೆಂಡಿನ ಮಾಜಿ ನಾಯಕ, ಸಿನಿಮಾ ನಟ ಆಬ್ರಿ ಸ್ಮಿತ್ ಹಾಲಿವುಡ್ ಕ್ರಿಕೆಟ್ ಕ್ಲಬ್ ಕಟ್ಟಿದ್ದರು. ಬ್ರಾಡ್‌ಮನ್ ಇದ್ದ ಆಸ್ಟ್ರೇಲಿಯಾ ತಂಡವೊಂದು ಅದೇ ಬೇಸಿಗೆ ಉತ್ತರ ಅಮೆರಿಕ ಸುತ್ತುತ್ತಾ ಹಾಲಿವುಡ್‌ನಲ್ಲೂ ಆಡಿತ್ತು.

ಮೈದಾನ, ಕ್ಲಬ್, ಬ್ರಾಡ್‌ಮನ್ ಎಲ್ಲ ಅಲ್ಲಿದೆ. ಭಾರತ ತಂಡ ಮಾತ್ರ ಇಂಗ್ಲೆಂಡಿನಲ್ಲಿ, ಸೆಪ್ಟೆಂಬರ್‌ವರೆಗೆ ಪ್ರವಾಸದಲ್ಲಿ. ಅಟ್ಲಾಂಟಿಕ್ ದಾಟಲು ಸುಮಾರು ಒಂದು ವಾರ, ನ್ಯೂಯಾರ್ಕ್‌ನಿಂದ ರೈಲಿನಲ್ಲಿ ಮೂರ್ನಾಲ್ಕು ದಿನ. ಎರಡೂ ಕಡೆ ಇರಲಾಗದು. ಲಾರ್ಡ್ಸೋ, ಲಾಸ್ ಏಂಜಲೀಸೋ? ಆಗ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರು ಬೇರೆ ಯಾರೂ ಅಲ್ಲ, 1911ರ ಕ್ರಿಕೆಟ್ ನಾಯಕ ಪಟಿಯಾಲದ ಮಹಾರಾಜರೇ. ನಿಮ್ಮ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಇಕ್ಕಟ್ಟು ಎಲ್ಲಿ ಸಿಗುತ್ತದೆ?

ಒಂದು ದೃಶ್ಯ ಬರೆಯಿರಿ

ಲೆಕ್ಕ ಮುಗಿದ ಮೇಲೆ ಮೊದಲು ಬರೆಯಬೇಕಾದದ್ದು ಪೂರ್ತಿ ಕಥೆಯನ್ನಲ್ಲ, ಒಂದೇ ದೃಶ್ಯ. ದೊಡ್ಡವರನ್ನು ಬಿಡಿ, ಯಾರೂ ಗಮನಿಸದ ಒಬ್ಬ ಕೆಲಸಗಾರನನ್ನು ಹಿಡಿಯಿರಿ. ಲಾರ್ಡ್ಸ್‌ನಲ್ಲಿ ಸ್ಕೋರ್‌ಕಾರ್ಡುಗಳನ್ನು ಮೈದಾನದಲ್ಲೇ ಅಚ್ಚು ಹಾಕಿ ಮಾರುತ್ತಿದ್ದರು. ನನ್ನ ದೃಶ್ಯ ಆ ಅಚ್ಚುಕೂಟದಲ್ಲಿ, 1908ರ ಜುಲೈನ ಒಂದು ಬೆಳಿಗ್ಗೆ:

ಹುಡುಗ ಅಚ್ಚುಮೊಳೆ ಜೋಡಿಸುತ್ತಿದ್ದ. ಮೇಲಿನ ಸಾಲು ‘ಜಂಟಲ್‌ಮನ್ ಆಫ್ ಇಂಗ್ಲೆಂಡ್’. ಕೆಳಗಿನ ಸಾಲಿಗೆ ‘ಫಿಲಡೆಲ್ಫಿಯಾ’ ಅಂತ ಹಾಕಿ ಮುಗಿಸಿದ್ದ. ಮುದ್ರಕ ಬಂದು ನೋಡಿ, ತಲೆ ಅಲ್ಲಾಡಿಸಿ, ಮೊಳೆ ಒಂದೊಂದೇ ಕಿತ್ತ. “ಊರಲ್ಲ, ದೇಶ.” ಹುಡುಗ ‘ಯುನೈಟೆಡ್ ಸ್ಟೇಟ್ಸ್’ ಜೋಡಿಸಲು ಹೊರಟರೆ ದೊಡ್ಡ ಅಕ್ಷರದ ‘ಟಿ’ ಸಾಲುತ್ತಿಲ್ಲ. ಇಂಗ್ಲೆಂಡಿನ ಸಾಲೂ ತೆಗೆಯಬೇಕಂತೆ, ಅದೂ ದೇಶವೇ. “ಏನಂತ ಹಾಕಲಿ? ಇಂಗ್ಲೆಂಡೋ, ಗ್ರೇಟ್ ಬ್ರಿಟನ್ನೋ?” ಮುದ್ರಕನಿಗೂ ಗೊತ್ತಿರಲಿಲ್ಲ. ಪೆವಿಲಿಯನ್ ಕಡೆ ನೋಡಿದ. ಕೇಳಿಬರಲು ಅಲ್ಲಿಗೆ ಹೋಗುವ ಅನುಮತಿ ಇಬ್ಬರಿಗೂ ಇರಲಿಲ್ಲ. ಹೊರಗೆ ಗೇಟು ತೆರೆದ ಸದ್ದಾಯಿತು.

ಪಂದ್ಯ ಇನ್ನೂ ಶುರುವಾಗಿಲ್ಲ, ಒಂದು ಚೆಂಡೂ ಬಿದ್ದಿಲ್ಲ. ಆದರೂ ಜಗತ್ತು ಬದಲಾಗಿದೆ ಅಂತ ಓದುಗರಿಗೆ ಗೊತ್ತಾಗುತ್ತದೆ.

ಕೊನೆಗೆ, ಪದಗಳನ್ನು ಜಾಲಿಸಿ

ಅಕ್ಕಿ ಜಾಲಿಸುವ ಹಾಗೆ ಬರೆದದ್ದನ್ನು ಒಮ್ಮೆ ಜಾಲಿಸಿ. ನಿಮ್ಮ ಜಗತ್ತಿನಲ್ಲಿ ಹುಟ್ಟದ ಪದಗಳು ಕಲ್ಲಿನಂತೆ ತಳದಲ್ಲಿ ಕೂತಿರುತ್ತವೆ. ‘ವಿಶ್ವಕಪ್’ ಎಂಬ ಪದ ಬಂದಿದೆಯೇ? ನಿಜದಲ್ಲಿ ಮಹಿಳೆಯರದು 1973ರಲ್ಲಿ, ಗಂಡಸರದು 1975ರಲ್ಲಿ ಶುರುವಾಯಿತು. ಒಲಿಂಪಿಕ್ಸ್ ಇರುವಾಗ ಅದು ಹುಟ್ಟಬೇಕಾದ ಕಾರಣ ಬೇರೆ ಇರಬೇಕು. ಫುಟ್ಬಾಲ್‌ನವರು ಅಮೆಚೂರ್ ನಿಯಮದಿಂದ ಬೇಸತ್ತು 1930ರಲ್ಲಿ ತಮ್ಮದೇ ವಿಶ್ವಕಪ್ ಮಾಡಿಕೊಂಡರು, ಆ ದಾರಿ ನಿಮಗೂ ಉಂಟು. ‘ಮರಳಿ ಬಂತು’ ಅಂತ ಎಲ್ಲಾದರೂ ಬರೆದಿದ್ದೀರಾ? 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ ಒಲಿಂಪಿಕ್ ಸಭೆ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟನ್ನು ಸೇರಿಸಿತು: ಟಿ20, ಗಂಡಸರದು ಆರು ತಂಡ, ಹೆಂಗಸರದು ಆರು, ಆಟ ಆ ಊರಿನ ಹತ್ತಿರದ ಪೊಮೊನಾದಲ್ಲಿ. ನಮ್ಮ ಪತ್ರಿಕೆಗಳು “128 ವರ್ಷಗಳ ಬಳಿಕ” ಅಂತ ಬರೆಯುತ್ತವೆ. ನಿಮ್ಮ ಜಗತ್ತಿನ ಪತ್ರಿಕೆಗೆ ಅದು ಸುದ್ದಿಯೇ ಅಲ್ಲ. ಅಲ್ಲಿನ ಕ್ರೀಡಾ ಪುಟದಲ್ಲಿ ಆ ದಿನ ಹನ್ನೆರಡನೇ ಆಟಗಾರ ಬೇಕೋ ಬೇಡವೋ ಅನ್ನುವ ಜಗಳ ನಡೆಯುತ್ತಿರಬಹುದು.